ಕತ್ತಿಯ ಹದ: ನಂಬಿದ್ದೇನು, ನಿಜವೇನು

ಆವರಗೆರೆ ಈಗ ದಾವಣಗೆರೆ ನಗರದೊಳಗೇ ಸೇರಿಹೋಗಿದೆ. ಆದರೂ ಸುತ್ತಲಿನ ಹೊಲಗಳಲ್ಲಿ ಮೆಕ್ಕೆಜೋಳವೂ ಭದ್ರಾ ನಾಲೆಯ ಕೆಳಗೆ ಭತ್ತವೂ ಇರುವತನಕ ಈ ಸೀಮೆಗೆ ಕುಡುಗೋಲು, ಮಚ್ಚು, ಕೊಡಲಿ ಬೇಕೇ ಬೇಕು. ಕುಲುಮೆಯಲ್ಲಿ ಬಡಿದು ಮಾಡಿದ ಕತ್ತಿಯ ಬಗ್ಗೆ ಇಲ್ಲಿ ಮಾತಿಗೇನೂ ಬರವಿಲ್ಲ. ಇಂಥ ಊರಿನ ಬಾವಿ ನೀರಿಗೇ ಹದ ಕೊಡುವ ಗುಣ ಇದೆ ಅನ್ನುವವರಿದ್ದಾರೆ. ಬಡಿದಷ್ಟೂ ಗಟ್ಟಿ ಅನ್ನುವವರಿದ್ದಾರೆ. ಗುಜರಿ ಕಬ್ಬಿಣ, ಎಷ್ಟು ದಿನ ಬಂದೀತು ಎಂದು ಮೂಗು ಮುರಿಯುವವರೂ ಇದ್ದಾರೆ. ಇವುಗಳಲ್ಲಿ ಕೆಲವು ಪೂರಾ ತಪ್ಪು, ಕೆಲವು ಒಂದು ಕಾಲಕ್ಕೆ ನಿಜವೇ ಆಗಿದ್ದವು. ಬೇಸರವೆಂದರೆ, ಕತ್ತಿ ಚೆನ್ನಾಗಿ ಬಂದಾಗ ಹೆಸರು ನೀರಿಗೋ ಕಬ್ಬಿಣಕ್ಕೋ ಹೋಗುತ್ತದೆ. ಕಮ್ಮಾರನ ಪಾಲಿಗೆ ಉಳಿಯುವುದು ನಮ್ಮ ಚೌಕಾಸಿ.

ಮೊದಲು ನೀರಿನ ಮಾತು. ಹದ ಹಾಕುವಾಗ ನೀರು ಮಾಡುವ ಕೆಲಸ ಒಂದೇ, ಕಾದ ಉಕ್ಕನ್ನು ಬೇಗ ತಣಿಸುವುದು. ಉಕ್ಕು ಸುಮಾರು 730 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಾಗ ಅದರ ಒಳಗಿನ ಕಣಗಳ ಜೋಡಣೆಯೇ ಬದಲಾಗಿ, ಇಂಗಾಲ ಕಬ್ಬಿಣದಲ್ಲಿ ಕರಗುತ್ತದೆ. ತಾನಾಗಿ ಆರಲು ಬಿಟ್ಟರೆ ಆ ಇಂಗಾಲ ಮತ್ತೆ ಬೇರೆಯಾಗಿ ಉಕ್ಕು ಮೆತ್ತಗಾಗುತ್ತದೆ. ತಟ್ಟನೆ ತಣಿಸಿದರೆ ಬೇರೆಯಾಗಲು ಹೊತ್ತೇ ಸಿಗದೆ ಅಲ್ಲೇ ಸಿಕ್ಕಿಬೀಳುತ್ತದೆ. ಅರ ಹಾಕಿ ಉಜ್ಜಿದರೂ ಜಾರುವಷ್ಟು ಗಡಸುತನ ಬರುವುದು ಹೀಗೆ. ಲೋಹಶಾಸ್ತ್ರದಲ್ಲಿ ಈ ರಚನೆಗೆ ಮಾರ್ಟೆನ್ಸೈಟ್ ಎನ್ನುತ್ತಾರೆ. ಉಪ್ಪು ನೀರು ಸಾದಾ ನೀರಿಗಿಂತ ಬೇಗ ತಣಿಸುತ್ತದೆ, ಎಣ್ಣೆ ನಿಧಾನವಾಗಿ. ಬಾವಿಯ ಮಹಿಮೆ ಅಂದರೆ ಆ ನೀರಿನ ಉಪ್ಪು ಮತ್ತು ತಂಪು, ಅಷ್ಟೇ. ಎಣ್ಣೆಯಲ್ಲಿ ಅದ್ದಬೇಕಾದ ಉಕ್ಕನ್ನು ಯಾವ ಪುಣ್ಯತೀರ್ಥದಲ್ಲಿ ಅದ್ದಿದರೂ ಸೀಳು ಬಿಡುವ ಸಂಭವ ಇದ್ದೇ ಇದೆ.

ಗಡಸಾದರೆ ಕತ್ತಿ ಒಳ್ಳೆಯದಾಯಿತೆಂದು ತಿಳಿಯುವುದೂ ತಪ್ಪೇ. ಅದ್ದಿ ತೆಗೆದ ಕತ್ತಿ ಆ ಸ್ಥಿತಿಯಲ್ಲಿ ಕೆಲಸಕ್ಕೆ ಬಾರದು. ಕಲ್ಲಿನ ಮೇಲೆ ಬಿದ್ದರೆ ಬಾಯಿ ಚೂರು ಹಾರುತ್ತದೆ, ಜೋರಾಗಿ ಕಡಿದರೆ ಮುರಿಯಲೂಬಹುದು. ಗಡಸನ್ನು ಸ್ವಲ್ಪ ಬಿಟ್ಟುಕೊಟ್ಟು ಆ ಜಾಗಕ್ಕೆ ಮುರಿಯದೆ ತಾಳುವ ಗಟ್ಟಿತನ ತರಬೇಕು. ಕುಲುಮೆಯ ವಿದ್ಯೆಯೆಲ್ಲ ಇಲ್ಲಿದೆ.

ಕಮ್ಮಾರ ಕತ್ತಿಯನ್ನು ಪೂರ್ತಿ ಮುಳುಗಿಸುವುದಿಲ್ಲ. ಬಾಯಿಯ ಕಡೆ ಒಂದೆರಡು ಬೆರಳಗಲ ಮಾತ್ರ ಅದ್ದುತ್ತಾನೆ, ಬೆನ್ನು ಇನ್ನೂ ಕೆಂಪಗೆ ಬಿಸಿಯಾಗಿರುತ್ತದೆ. ಇಕ್ಕಳದಿಂದ ಮೇಲೆತ್ತಿದವನೇ ಇಟ್ಟಿಗೆ ಚೂರಿನಿಂದ ಬಾಯಿಯನ್ನು ಪರಪರ ಉಜ್ಜಿ, ಕಪ್ಪು ಹೋಗಿ ಬೆಳ್ಳಗೆ ಹೊಳೆಯುವಂತೆ ಮಾಡುತ್ತಾನೆ. ಆಮೇಲೆ ಕಣ್ಣು ಕೀಳದೆ ನೋಡುತ್ತಾನೆ. ಬೆನ್ನಿನ ಕಾವು ಬಾಯಿಯತ್ತ ಇಳಿಯುತ್ತಿದ್ದಂತೆ ಆ ಹೊಳಪಿನ ಮೇಲೆ ಬಣ್ಣಗಳು ಒಂದರ ಹಿಂದೊಂದು ನಡೆದು ಬರುತ್ತವೆ: 220 ಡಿಗ್ರಿಯ ಆಸುಪಾಸಿನಲ್ಲಿ ಒಣಹುಲ್ಲಿನ ಹಳದಿ, 250 ದಾಟಿದಾಗ ಕಂದು, 280ಕ್ಕೆ ನೇರಳೆ, 300ರ ಹತ್ತಿರ ನೀಲಿ. ಮೇಲ್ಮೈಯಲ್ಲಿ ಕಟ್ಟುವ ಆಕ್ಸೈಡಿನ ತೆಳು ಪೊರೆ ದಪ್ಪವಾಗುತ್ತ ಹೋದಂತೆ ಬಣ್ಣ ಬದಲಾಗುತ್ತದೆ. ತರಕಾರಿ ಚಾಕುವಾದರೆ ಹಳದಿ ಬಾಯಿ ಮುಟ್ಟಿದಾಗ, ಪೆಟ್ಟು ತಿನ್ನುವ ಕೊಡಲಿಯಾದರೆ ನೇರಳೆ ಬರುವತನಕ ಕಾದು, ಮತ್ತೆ ಅದ್ದಿ ಅಲ್ಲಿಗೆ ನಿಲ್ಲಿಸಬೇಕು. ಎಲ್ಲ ಕೆಲವೇ ಕ್ಷಣಗಳ ಆಟ. ಹೀಗೆ ಮಾಡಿದ ಕತ್ತಿಗೆ ಬಾಯಿ ಗಡಸು, ಬೆನ್ನು ಮೆತ್ತಗೆ, ಎರಡೂ ಒಟ್ಟಿಗೆ ಸಿಗುತ್ತವೆ.

ಕುಲುಮೆ ಕತ್ತಲೆ ಕೋಣೆಯಂತಿರುವುದಕ್ಕೆ ಬಡತನವೊಂದೇ ಕಾರಣವೆಂದು ನೋಡಿದವರು ತಿಳಿಯುತ್ತಾರೆ. ಬಿಸಿಲಿನಲ್ಲಿ ಕಾದ ಕಬ್ಬಿಣದ ಬಣ್ಣ ಸರಿಯಾಗಿ ಕಾಣುವುದಿಲ್ಲ. 800 ಡಿಗ್ರಿಯ ಕೆಂಪು ಹೊರಗೆ ಮಂಕಾಗಿ ಕಂಡು, ಇನ್ನಷ್ಟು ಕಾಯಿಸುವಂತೆ ಮೋಸಮಾಡುತ್ತದೆ. ಹೆಚ್ಚು ಕಾದರೆ ಉಕ್ಕಿನ ಕಣ ದಪ್ಪವಾಗಿ ಕತ್ತಿ ಬೇಗ ಮುರಿಯುತ್ತದೆ. ನೆರಳು ಕಮ್ಮಾರನ ಅಳತೆಗೋಲು. ಹೊಸದಾಗಿ ಕಲಿಯುವವರಿಗೆ ಹಳೆ ಸ್ಪೀಕರಿನ ಆಯಸ್ಕಾಂತವೂ ನೆರವಾಗುತ್ತದೆ: 770 ಡಿಗ್ರಿಗೆ ಉಕ್ಕು ಆಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ, ಅದಕ್ಕಿಂತ ತುಸು ಮೇಲಕ್ಕೆ ಕಾಯಿಸಿ ಅದ್ದಿದರೆ ಸರಿ. ಇಲ್ಲೇ ಪಕ್ಕದ ಹರಿಹರವನ್ನು 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳ ಊರಾಗಿಸಿತು. ಅಂಥ ಕಾರ್ಖಾನೆಗಳಲ್ಲಿ ಮೀಟರ್ ನೋಡಿ ಗೇರಿಗೆ ಹದ ಹಾಕುವವರೂ ಕುಲುಮೆಯಲ್ಲಿ ಕಣ್ಣಳತೆಯಿಂದ ಕುಡುಗೋಲಿಗೆ ಹದ ಹಾಕುವವನೂ ಮಾಡುವುದು ಒಂದೇ ಕೆಲಸ. ಒಂದಕ್ಕೆ ತಂತ್ರಜ್ಞಾನ ಎಂಬ ಗೌರವ, ಇನ್ನೊಂದಕ್ಕೆ ಹಳೇ ಕಸುಬು ಎಂಬ ಉಪೇಕ್ಷೆ ಯಾಕೆಂದು ನನಗೆ ಅರ್ಥವಾಗುವುದಿಲ್ಲ.

ಬಡಿದಷ್ಟೂ ಗಟ್ಟಿ ಅನ್ನುವ ಮಾತಿಗೆ ಒಂದು ಚರಿತ್ರೆಯಿದೆ. ಹರಿಹರದಿಂದ ತುಂಗಭದ್ರೆಯ ಗುಂಟ ಮೇಲಕ್ಕೆ ಹೋದರೆ ಹಾವೇರಿ ಜಿಲ್ಲೆಯ ಹಳ್ಳೂರು ಸಿಗುತ್ತದೆ. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ನಡೆಸಿದಾಗ ಕ್ರಿ.ಪೂ. 1000ದ ಸುಮಾರಿನ ಕಬ್ಬಿಣದ ಬಾಣದ ಮೊನೆಗಳು ಸಿಕ್ಕವು. ಆ ಕಾಲದಿಂದ ಹಿಡಿದು ಮೊನ್ನೆಮೊನ್ನೆಯತನಕ ನಾಡಕಬ್ಬಿಣ ಕರಗಿ ಹರಿಯುತ್ತಿರಲಿಲ್ಲ; ಮಣ್ಣಿನ ಒಲೆಯಿಂದ ತೂತುತೂತಾದ ಮುದ್ದೆಯಾಗಿ ಹೊರಬರುತ್ತಿತ್ತು, ಒಳಗೆಲ್ಲ ಕಿಟ್ಟ ತುಂಬಿಕೊಂಡಿರುತ್ತಿತ್ತು. ಮತ್ತೆ ಮತ್ತೆ ಕಾಯಿಸಿ ಬಡಿದರೆ ಕಿಟ್ಟ ಹೊರಬಿದ್ದು ಕಬ್ಬಿಣ ಒಂದಾಗುತ್ತಿತ್ತು. ಆ ಕಬ್ಬಿಣಕ್ಕೆ ಬಡಿದಷ್ಟೂ ಗಟ್ಟಿ ಎಂಬುದು ಅಕ್ಷರಶಃ ನಿಜ. ಇವತ್ತಿನ ಉಕ್ಕು ಕಾರ್ಖಾನೆಯಿಂದಲೇ ಕಿಟ್ಟವಿಲ್ಲದೆ ಬರುತ್ತದೆ, ಬಡಿದರೆ ಅದರ ಸಾಂದ್ರತೆ ಹೆಚ್ಚುವುದಿಲ್ಲ. ಈಗ ಸುತ್ತಿಗೆಯ ಕೆಲಸ ಆಕಾರ ಕೊಡುವುದು. ಕೆಂಪು ಆರಿದ ಮೇಲೂ ಬಡಿಯುತ್ತಿದ್ದರೆ ಒಳಗೆ ಬಿರುಕು ಹುಟ್ಟುತ್ತದೆ.

ಗುಜರಿಯ ಮಾತಿಗೆ ಬಂದರೆ, ಲಾರಿಯ ಕಮಾನು ಪಟ್ಟಿ ಗುಜರಿ ಅಂಗಡಿಯಿಂದ ಬಂದರೂ ಕಳಪೆ ಉಕ್ಕಲ್ಲ. ಅದರಲ್ಲಿ ಶೇ. 0.5ರಿಂದ 0.6ರಷ್ಟು ಇಂಗಾಲ, ಜೊತೆಗೆ ಸಿಲಿಕಾನ್ ಅಥವಾ ಕ್ರೋಮಿಯಂ ಇರುತ್ತದೆ. ಲಾರಿಯ ಭಾರ ಹೊತ್ತು ಬಗ್ಗಿ ಏಳಲೆಂದೇ ಮಾಡಿದ ಉಕ್ಕು ಅದು. ಮಚ್ಚು, ಕುಡುಗೋಲಿಗೆ ಹೇಳಿ ಮಾಡಿಸಿದಂತಿದೆ. ಹಳೆ ಅರದಲ್ಲಿ ಇಂಗಾಲ ಇನ್ನೂ ಹೆಚ್ಚು, ಸಣ್ಣ ಚಾಕುವಿಗೆ ಅದು ಸರಿ. ನಿಜವಾಗಿ ಹೆದರಬೇಕಾದದ್ದು ಮನೆ ಕಟ್ಟುವ ಸರಳಿನಿಂದ ಮಾಡಿದ ಕತ್ತಿಗೆ. ಅದರಲ್ಲಿ ಇಂಗಾಲ ತೀರಾ ಕಡಿಮೆ, ಎಷ್ಟು ಸಲ ಅದ್ದಿದರೂ ಚಾಕುವಿಗೆ ಬೇಕಾದಷ್ಟು ಗಡಸಾಗದು. ಇದ್ದಿಲಿನಲ್ಲಿ ಕಾಯಿಸಿದರೆ ಇದ್ದಿಲಿನ ಸತ್ವ ಕಬ್ಬಿಣಕ್ಕೆ ಇಳಿಯುತ್ತದೆಂದು ಹೇಳುವವರಿದ್ದಾರೆ. ತೆರೆದ ಕುಲುಮೆಯ ಕೆಲ ನಿಮಿಷಗಳ ಕಾವಿನಲ್ಲಿ ಹಾಗಾಗುವುದಿಲ್ಲ. ಊದುವ ಗಾಳಿಗೆ ಮೇಲ್ಪದರದ ಇಂಗಾಲ ಸುಟ್ಟುಹೋಗುವುದೇ ಹೆಚ್ಚು.

ಆ ಸತ್ವ ಇಳಿಸುವ ಕೆಲಸವನ್ನು ನಮ್ಮ ನಾಡಿನವರು ಬೇರೊಂದು ದಾರಿಯಲ್ಲಿ ಸಾಧಿಸಿದ್ದರು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅದನ್ನು ಕಂಡು ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ತಂಗಡಿ ಗಿಡದ ಕಟ್ಟಿಗೆ, ಹಸಿ ಎಲೆ ಇಟ್ಟು, ಬಾಯಿ ಮುಚ್ಚಿ ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಗಿಡದಲ್ಲಿ ಮಾಯೆಯಿಲ್ಲ, ಗಾಳಿಯಾಡದ ಮೂಸೆಯಲ್ಲಿ ಕಟ್ಟಿಗೆ ಇದ್ದಿಲಾಗಿ ಕಬ್ಬಿಣಕ್ಕೆ ಇಂಗಾಲ ಉಣಿಸುತ್ತಿತ್ತು. ಶೇ. 1.5ರ ಆಸುಪಾಸು ಇಂಗಾಲವಿರುವ ಈ ಉಕ್ಕೇ ಯುರೋಪಿನವರು ವೂಟ್ಸ್ ಎಂದು ಕರೆದದ್ದು. ಕಮ್ಮಾರನ ಮಗನಾಗಿದ್ದ ಮೈಕೆಲ್ ಫ್ಯಾರಡೆ ಇದರ ಗುಟ್ಟು ಹುಡುಕಲು ಹೊರಟು, 1819ರಲ್ಲಿ ಅಲ್ಯೂಮಿನಿಯಂ ಕಾರಣವಿರಬೇಕೆಂದು ತಪ್ಪು ನಿರ್ಣಯಕ್ಕೆ ಬಂದ. ಈ ಉಕ್ಕಿನ ಕತ್ತಿಯ ಮೇಲಿನ ಅಲೆಯಲೆ ವಿನ್ಯಾಸದಲ್ಲಿ ವೆನೇಡಿಯಂನಂಥ ಅತ್ಯಲ್ಪ ಬೆರಕೆಗಳ ಪಾತ್ರ ತಿಳಿದದ್ದು 1990ರ ದಶಕದ ಸಂಶೋಧನೆಗಳಲ್ಲಿ. ಈಗ ಆನ್‌ಲೈನಿನಲ್ಲಿ ಅಂಥ ಅಲೆಯಲೆ ಕತ್ತಿಗಳ ಹೆಸರಾದ ಡಮಾಸ್ಕಸ್ ಎಂದು ಮಾರುವ ಚಾಕುಗಳು ಬಹುಪಾಲು ಆ ಉಕ್ಕಲ್ಲ. ಎರಡು ಬಗೆಯ ಉಕ್ಕಿನ ಪದರಗಳನ್ನು ಬೆಸೆದು, ಆಮ್ಲದಲ್ಲಿ ಅದ್ದಿ ಗೆರೆ ಎಬ್ಬಿಸಿದವು. ಚೆನ್ನಾಗಿ ಮಾಡಿದರೆ ಅವೂ ಒಳ್ಳೆಯವೇ, ಆದರೆ ಗೆರೆ ನೋಡಿ ಹದ ಹೇಳಲು ಬಾರದು.

ತುಕ್ಕು ಹಿಡಿಯುವ ಕತ್ತಿ ಕೀಳು ಅನ್ನುವುದೂ ಸರಿಯಲ್ಲ. ಮಾವಿನಕಾಯಿ ಹೆಚ್ಚಿದಾಗ ಅಲಗು ಕಪ್ಪಾಗುವುದು ಸಹಜ, ಆ ಕಪ್ಪು ಕಲೆ ಕೆಂಪು ತುಕ್ಕಲ್ಲ. ತೊಳೆದು ಒರೆಸಿ ಒಂದು ತೊಟ್ಟು ಎಣ್ಣೆ ಸವರಿಟ್ಟರೆ ಸಾಕು.

ಕೊನೆಯದಾಗಿ ಸಾಣೆ. ಕಿಡಿ ಹಾರಿದಷ್ಟೂ ಚೂಪು ಎಂದುಕೊಂಡು ವಿದ್ಯುತ್ ಚಕ್ರಕ್ಕೆ ಕತ್ತಿಯನ್ನು ಒತ್ತಿ ಹಿಡಿಸುತ್ತೇವೆ. ತೆಳ್ಳಗಿನ ಬಾಯಿ ಕ್ಷಣದಲ್ಲಿ ಕಾದು ನೀಲಿಯಾದರೆ, ಕಮ್ಮಾರ ಹಳದಿಗೆ ನಿಲ್ಲಿಸಿದ್ದ ಹದ ಅಲ್ಲೇ ಇಳಿದುಹೋಯಿತು; ಆ ಜಾಗ ಇನ್ನು ಚೂಪು ಹಿಡಿದು ನಿಲ್ಲದು. ಚಕ್ರಕ್ಕೆ ಹಿಡಿದರೂ ನಡುನಡುವೆ ನೀರಿನಲ್ಲಿ ಅದ್ದಿಸಿ, ಮನೆಯಲ್ಲಾದರೆ ನೀರು ಹಾಕಿದ ಸಾಣೆಕಲ್ಲಿನ ಮೇಲೆ ನಿಧಾನವಾಗಿ ಮಸೆಯಿರಿ. ನೀಲಿಯಾಗಿಯೇ ಬಿಟ್ಟಿದ್ದರೆ ಎಸೆಯಬೇಡಿ, ಕುಲುಮೆಗೆ ಒಯ್ಯಿರಿ; ಅದೇ ಉಕ್ಕಿಗೆ ಮತ್ತೊಮ್ಮೆ ಹದ ಹಾಕಬಹುದು, ಕೇಳಿದಷ್ಟು ಕೂಲಿ ಕೊಡಿ.