ಅದು ಹಟವಲ್ಲ, ಬ್ರೇಕು ನಿಧಾನ!

ಗಿರಿನಗರದ ನಮ್ಮ ಮನೆಯೆದುರು ಚೆಂಡಿನ ಹಿಂದೆ ಮಗ ರಸ್ತೆಗೆ ಹಾರಿದ. ಆಟೋದವರು ಗಕ್ಕನೆ ನಿಲ್ಲಿಸಿದ್ದಕ್ಕೆ ಬಚಾವು. ಎರಡೇಟು ಕೊಟ್ಟೆ. 'ಗೊತ್ತಿತ್ತಮ್ಮ, ಆದ್ರೆ ಕಾಲು ಓಡಿಬಿಡ್ತು' ಅಂದ. ಸುಳ್ಳು ಅಂದುಕೊಂಡೆ. ವೈದ್ಯರು ವಿವರಿಸಿದ ಮೇಲೆ ತಿಳಿಯಿತು, ಅವನು ಹೇಳಿದ್ದು ನಿಜ.

'ತಡಿ' ಅನ್ನುವ ಕೆಲಸ ಹಣೆಯ ಹಿಂದಿರುವ ಮಿದುಳಿನದು. ಒಳಗಿನ ಭಾಗಗಳಿಗೆ ನರತಂತುಗಳ ಮೂಲಕವೇ ಅದರ ಆಜ್ಞೆ ಹೋಗಬೇಕು. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ದುಡುಕುವ ತೊಂದರೆ ಇರುವ ಮಕ್ಕಳಲ್ಲಿ ಈ ಸಂಪರ್ಕ ಬಲಿಯುವುದು ತಡ. 2007ರ ಅಮೆರಿಕದ ಅಧ್ಯಯನವೊಂದರಲ್ಲಿ, ಬೇರೆ ಮಕ್ಕಳ ಮಿದುಳಿನ ಹೊರಪದರ ಸುಮಾರು 7.5 ವರ್ಷಕ್ಕೆ ಮುಟ್ಟಿದ ಹಂತವನ್ನು ಇವರದು ಮುಟ್ಟಿದ್ದು 10.5ಕ್ಕೆ. ಬೈದರೆ ಬೇಗ ಬಲಿಯುತ್ತದೆಯೇ?

ದೂರದಿಂದ ಕೂಗಬೇಡಿ. ಹತ್ತಿರ ಹೋಗಿ, ಭುಜ ಮುಟ್ಟಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಮಾಡಿದ ತಕ್ಷಣ ಶಭಾಷ್ ಅನ್ನಿ, ಸಂಜೆವರೆಗೆ ಕಾಯಬೇಡಿ. ರಸ್ತೆಯ ವಿಷಯದಲ್ಲಿ ಮಾತ್ರ ಮಾತು ನಂಬಬೇಡಿ, ಗೇಟಿಗೆ ಬೀಗ ಹಾಕಿ.

ತುಂಟರೆಲ್ಲ ಹೀಗೇ ಅಂತಲ್ಲ. ಮನೆ, ಶಾಲೆ ಎರಡೂ ಕಡೆ 6 ತಿಂಗಳಿಗೂ ಮೀರಿ ಇದೇ ಪಾಡಾದರೆ ತೋರಿಸಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. 'ಅಯ್ಯೋ, ಅಲ್ಲಿಗಾ?' ಅಂದಿದ್ದರು ನಮ್ಮತ್ತೆ. ಈಗ ಮೊಮ್ಮಗನನ್ನು ಕರೆದುಕೊಂಡು ಹೋಗೋರು ಅವರೇ.