ಸೊಂಟದ ಅಳತೆ ಮತ್ತು ರಕ್ತದ ಸಕ್ಕರೆ

ಸಕ್ಕರೆ ಕಾಯಿಲೆ, ಅಂದರೆ ಮಧುಮೇಹ, ವರ್ಷಗಟ್ಟಲೆ ಸದ್ದಿಲ್ಲದೆ ಮೈಯಲ್ಲಿ ಇರಬಲ್ಲ ರೋಗ. ವಿಪರೀತ ಬಾಯಾರಿಕೆ, ಪಾದದ ಉರಿ ಮೊದಲಾದವು ಕಾಣಿಸಿಕೊಳ್ಳುವ ವೇಳೆಗೆ ಕಣ್ಣು, ಮೂತ್ರಪಿಂಡಗಳಿಗೆ ಹಾನಿ ಆರಂಭವಾಗಿರುವುದುಂಟು. ಆದುದರಿಂದ ಸೂಜಿ ಚುಚ್ಚದೆಯೇ ಯಾರಿಗೆ ರೋಗದ ಸಂಭವ ಹೆಚ್ಚೆಂದು ಅಂದಾಜು ಮಾಡುವ ಕ್ರಮಗಳು ಬಳಕೆಗೆ ಬಂದಿವೆ. ಸದಸ್ಯರಲ್ಲಿ ಕೆಲವರು ಇದನ್ನೇ ರಕ್ತಪರೀಕ್ಷೆಯೆಂದು ಭಾವಿಸಿರುವುದರಿಂದ ಈ ವಿವರಣೆ.

ಚೆನ್ನೈನ ಡಾ. ವಿ. ಮೋಹನ್ ಮತ್ತು ಅವರ ಸಂಗಡಿಗರು 2005ರಲ್ಲಿ ಭಾರತೀಯರಿಗೆಂದೇ ಒಂದು ಅಂಕಪಟ್ಟಿಯನ್ನು ಪ್ರಕಟಿಸಿದರು. ಅದರಲ್ಲಿ ಕೇಳುವುದು ನಾಲ್ಕೇ ಸಂಗತಿ. ವಯಸ್ಸು 35ರಿಂದ 49 ಆದರೆ 20 ಅಂಕ, 50 ದಾಟಿದರೆ 30. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮುಟ್ಟಿದರೆ 10. ಅದಕ್ಕೂ 10 ಸೆಂಟಿಮೀಟರ್ ಮೇಲೆ ಹೋದರೆ 20. ತಂದೆತಾಯಿಗಳಲ್ಲಿ ಒಬ್ಬರಿಗೆ ರೋಗವಿದ್ದರೆ 10, ಇಬ್ಬರಿಗೂ ಇದ್ದರೆ 20. ಕುಳಿತೇ ದಿನ ಕಳೆದು ವ್ಯಾಯಾಮವನ್ನೂ ಮಾಡದವರಿಗೆ 30. ಮೊತ್ತ 60 ಮುಟ್ಟಿದರೆ ಸಂಭವ ಹೆಚ್ಚು, 30ಕ್ಕಿಂತ ಕೆಳಗಿದ್ದರೆ ಕಡಿಮೆ.

ತೋಟಕ್ಕೆ ಜೀಪಿನಲ್ಲೇ ಹೋಗಿ ಜೀಪಿನಲ್ಲೇ ಮರಳುವ, 52 ವರ್ಷದ, ಸೊಂಟ 96 ಸೆಂಟಿಮೀಟರ್ ಇರುವ ಯಜಮಾನರೊಬ್ಬರನ್ನು ಊಹಿಸಿಕೊಳ್ಳೋಣ. ಅವರ ತಂದೆಗೂ ಸಕ್ಕರೆ ಕಾಯಿಲೆ ಇತ್ತೆಂದಾದರೆ ಮೊತ್ತ 80. ಅದೇ ವಯಸ್ಸಿನ, ದಿನವಿಡೀ ಗುಂಡಿ ತೋಡುವ ತೆಳ್ಳಗಿನ ಕೆಲಸಗಾರನಿಗೆ ವಯಸ್ಸಿನ 30 ಮಾತ್ರ. ಟೇಪನ್ನು ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಹಿಡಿಯಬೇಕು. ಹೊಟ್ಟೆಯ ಕೆಳಗೆ ಪಂಚೆ ಕಟ್ಟುವ ಜಾಗದಲ್ಲಿ ಅಳೆದು ಸಮಾಧಾನಪಡುವವರೂ ಇದ್ದಾರೆ!

ಹೊಟ್ಟೆಯೊಳಗಿನ ಕೊಬ್ಬು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ದುಡಿಯುವ ಸ್ನಾಯುಗಳು ರಕ್ತದಿಂದ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಅಂಕಕ್ಕೂ ಸಕ್ಕರೆಗೂ ಇರುವ ಸಂಬಂಧ ಇದು. ಅಂದರೆ ಅಂಕವು ಸಕ್ಕರೆ ಏರುವ ಕಾರಣಗಳನ್ನು ಎಣಿಸುತ್ತದೆಯೇ ಹೊರತು ಸಕ್ಕರೆಯನ್ನು ಅಳೆಯುವುದಿಲ್ಲ. ಚೆನ್ನೈನ ಆ ಅಧ್ಯಯನದಲ್ಲಿಯೇ, ರೋಗವಿದ್ದೂ ಅರಿಯದಿದ್ದವರಲ್ಲಿ 100ಕ್ಕೆ ಸುಮಾರು 72 ಮಂದಿಗೆ ಮಾತ್ರ 60 ಅಥವಾ ಹೆಚ್ಚು ಅಂಕ ಬಂದಿತ್ತು. ರೋಗವಿಲ್ಲದವರಲ್ಲಿಯೂ 100ಕ್ಕೆ 40 ಮಂದಿ ಅಷ್ಟು ಅಂಕ ಪಡೆದಿದ್ದರು. ಹೆಚ್ಚು ಅಂಕ ಬಂದವರು ಗಾಬರಿಯಾಗಬೇಕಿಲ್ಲ. ಕಡಿಮೆ ಬಂದವರು ಪರೀಕ್ಷೆ ತಪ್ಪಿಸುವುದೂ ಸಲ್ಲದು. ನನಗೆ ಎರಡನೆಯವರ ಚಿಂತೆಯೇ ಹೆಚ್ಚು. ಇನ್ನು, ರೋಗ ಇರುವುದು ಖಚಿತವಾದವರು ಹೊಟ್ಟೆ ಕರಗಿ ಅಂಕ ಇಳಿಯಿತೆಂದು ತಾವಾಗಿಯೇ ಮಾತ್ರೆ ಬಿಡಬಾರದು.

ತೀರ್ಮಾನ ರಕ್ತದಿಂದಲೇ ಆಗಬೇಕು. ಎಂಟು ಗಂಟೆ ಉಪವಾಸದ ನಂತರ ಸಕ್ಕರೆ 126 ಮಿಲಿಗ್ರಾಂ ಅಥವಾ ಮೇಲಿದ್ದರೆ ಮಧುಮೇಹ. ರೋಗಲಕ್ಷಣ ಇಲ್ಲದವರಲ್ಲಿ ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸುತ್ತಾರೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.5 ಆ ಗೆರೆ. ರಕ್ತಹೀನತೆ ಇರುವವರಲ್ಲಿ ಈ ಲೆಕ್ಕ ತಪ್ಪಬಹುದಾದ್ದರಿಂದ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಇವೆರಡರ ಗೆರೆಗೆ ಸ್ವಲ್ಪ ಕೆಳಗಿರುವವರ ವಿಷಯದಲ್ಲಿ ಆಶಾದಾಯಕ ಸಂಗತಿಯಿದೆ. ರೋಗದ ಹೊಸ್ತಿಲಲ್ಲಿದ್ದವರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಪ್ರಕಟಿಸಿದ ಭಾರತೀಯ ಅಧ್ಯಯನವೊಂದರಲ್ಲಿ, ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ 100ಕ್ಕೆ 55 ಮಂದಿ ಮಧುಮೇಹಿಗಳಾದರೆ, ಆಹಾರ ಮತ್ತು ನಡಿಗೆಯಲ್ಲಿ ಶಿಸ್ತು ತಂದುಕೊಂಡವರಲ್ಲಿ ಸುಮಾರು 39 ಮಂದಿ ಆದರು.

ಚುಚ್ಚದೆ ಸಕ್ಕರೆ ಹೇಳುವ ಕೈಗಡಿಯಾರ, ಉಂಗುರಗಳ ಜಾಹೀರಾತು ಹಲವರಿಗೆ ಬಂದಿರಬಹುದು. ಅಂಥ ಯಾವುದಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2024ರ ಫೆಬ್ರವರಿಯಲ್ಲಿ ಎಚ್ಚರಿಸಿದೆ. ಅದರ ಅಂಕಿ ನಂಬಿ ಇನ್ಸುಲಿನ್ ತೆಗೆದುಕೊಂಡರೆ ಪ್ರಾಣಕ್ಕೇ ಸಂಚಕಾರ.

ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಸೊಂಟ ಅಳೆದು, ಪ್ರಶ್ನೆ ಕೇಳಿ ತುಂಬಿಸುವ ನಮೂನೆಯೂ ಇದೇ ಬಗೆಯದು. ಅದರಲ್ಲಿ 4ಕ್ಕಿಂತ ಹೆಚ್ಚು ಅಂಕ ಬಂದವರಿಗೆ ಮೊದಲ ಆದ್ಯತೆ. ಆದರೆ 30 ವರ್ಷ ದಾಟಿದ ಎಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಉಂಟು. ಲೈನ್ ಮನೆಗಳಲ್ಲಿರುವ ಕೆಲಸಗಾರರಿಗೂ ಒಂದು ದಿನ ಬಿಡುವು ಕೊಟ್ಟು ಕಳುಹಿಸಿರಿ. ಉಪವಾಸದ ಪರೀಕ್ಷೆಗೆ ಹೋಗುವವರು ನೀರು ಕುಡಿಯಬಹುದು. ಬೆಳಗಿನ ಬೆಲ್ಲದ ಕಾಫಿಯನ್ನು ಮಾತ್ರ ರಕ್ತ ಕೊಟ್ಟ ಮೇಲೆಯೇ ಕುಡಿಯತಕ್ಕದ್ದು.