ಚೆಂಡು ಒದೀರಿ, ಜರ್ಮನ್ ಕಲೀರಿ!

ಹಾವೇರಿ: ಹುಡುಗರು ಚೆಂಡು ಒದ್ದರೆ ‘ಓದು ಹಾಳಾತು’ ಅಂತ ಬೈಯುವ ಹಿರಿಯರು ಇದನ್ನು ಓದಲೇಬೇಕು. ಜರ್ಮನಿಯ ವಿದೇಶಾಂಗ ಖಾತೆ 2008ರಲ್ಲಿ ‘ಪಾಶ್’ ಯೋಜನೆ ಹೂಡಿ ಹೊರದೇಶಗಳ ಶಾಲೆಗಳಲ್ಲಿ ತನ್ನ ಭಾಷೆ ಕಲಿಸತೊಡಗಿತು. ಅದರ ಕೆಲವು ಶಿಬಿರಗಳಲ್ಲಿ ಫುಟ್‌ಬಾಲೇ ಪಾಠ! ಬೇರೆ ಬೇರೆ ಊರಿನ ಮಕ್ಕಳು ಒಂದೇ ತಂಡದಲ್ಲಿ ಆಡುತ್ತಾರೆ. ‘ಲಿಂಕ್ಸ್’ ಎಂದರೆ ಎಡಕ್ಕೆ, ‘ರೆಖ್ಟ್ಸ್’ ಬಲಕ್ಕೆ, ‘ಟೋರ್’ ಅಂದ್ರೆ ಗೋಲು. ಪೆನಾಲ್ಟಿಗೆ ‘ಎಲ್ಫ್‌ಮೇಟರ್’, ಅಂದರೆ ಹನ್ನೊಂದು ಮೀಟರು. ಓಡುತ್ತ ಕಲಿತ ಮಾತು ಮರೆಯುವುದುಂಟೇ?

ಜರ್ಮನರ ನಂಟು ನಮಗೆ ಹೊಸದಲ್ಲ. 1853ರಲ್ಲಿ ಬಂದ ಕಿಟೆಲ್ ಜನರ ನಡುವೆ ಬೆರೆತು ಕನ್ನಡ ಕಲಿತರು, 1894ರಲ್ಲಿ ನಿಘಂಟು ಕೊಟ್ಟರು. ಅವರಿದ್ದ ಧಾರವಾಡದ ಜಿಲ್ಲೆಗೇ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ 1997ರವರೆಗೆ ಸೇರಿದ್ದವು. ಅವರು ನಮ್ಮ ಮಾತು ಕಲಿತರು. ಅವರ ಮಾತು ನಮ್ಮ ಮಕ್ಕಳಿಗೆ ಬ್ಯಾಡೇನು? ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹಳ ಕಡೆ ಬೋಧನಾ ಶುಲ್ಕವೇ ಇಲ್ಲ. ಬಡವರ ಮಕ್ಕಳಿಗೆ ಇದು ಸಣ್ಣ ಮಾತಲ್ಲ.

ಆದರೆ ಜರ್ಮನ್ ಕಲಿಸುವ ಮ್ಯಾಕ್ಸ್ ಮ್ಯುಲ್ಲರ್ ಭವನ ಇರೋದು ದೂರದ ಬೆಂಗಳೂರಿನಲ್ಲಿ. ಅಲ್ಲಿಂದ ರೈಲು ಈ ಮೂರೂ ಊರಿಗೆ ಬರುತ್ತದೆ; ಪಾಠವೂ ಬರಲಿ. ಒಬ್ಬ ಶಿಕ್ಷಕ, ಒಂದು ಚೆಂಡು, ವಾರಕ್ಕೊಂದು ಸಂಜೆ ಸಾಕು. ಶಿಕ್ಷಣ ಇಲಾಖೆಯವರೂ ಕ್ರೀಡಾ ಇಲಾಖೆಯವರೂ ಕೂಡಿ ಕುಂತು ವಿಚಾರ ಮಾಡ್ತಾರೇನು?